ಕೌನಾಕನ ಕೋವಿ, ಮಾರ್ಕುಸಿಯ ಬೋಲ್ಟು

ನಮ್ಮೂರಿನಲ್ಲಿ ಅತಿ ಹೆಚ್ಚು ಸಲ ಗುರಿ ತಪ್ಪಿದ ವೀರ ಯಾರೆಂದು ಕೇಳಿದರೆ ಎಲ್ಲರೂ ಕೌನಾಕನ ಮನೆಯತ್ತ ಕೈ ತೋರಿಸುತ್ತಾರೆ. ನಲವತ್ತು ವರ್ಷ ಕಾವಲು ಪಡೆಯ ಕೆಂಪು ಅಂಗಿ ತೊಟ್ಟು ಕೆನಡಾದ ಬ್ಯಾಫಿನ್ ದ್ವೀಪದ ಉತ್ತರದ ಗಡಿ ಕಾದವನು ಅವನು. ಶತ್ರು ಬರಲೇ ಇಲ್ಲ. ಬಂದಿದ್ದರೂ ಕೌನಾಕನ ಗುಂಡು ಅವನನ್ನು ಕ್ಷೇಮವಾಗಿ ಮನೆಗೆ ಊಟಕ್ಕೆ ಕಳುಹಿಸಿಕೊಡುತ್ತಿತ್ತು.

ಕೋವಿ ಮಾತ್ರ ಸಾಮಾನ್ಯದ್ದಲ್ಲ. ದೊಡ್ಡ ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾಗಿ ನಮ್ಮ ಕಡೆ ಬಂದ ಲೀ-ಎನ್‌ಫೀಲ್ಡ್. ಮೊದಲು ಅವನಪ್ಪನ ಹೆಗಲೇರಿತ್ತು. ಒಮ್ಮೆ ಜಾರುಬಂಡಿ ಮಗುಚಿ ಹಿಂಬದಿಯ ಮರ ಸೀಳಿದಾಗ ಅವನ ತಾಯಿ ಸೀಲ್ ಪ್ರಾಣಿಯ ಹಸಿ ಚರ್ಮ ಸುತ್ತಿ, ಬೂಟಿಗೆ ಹಾಕುವ ಹೊಲಿಗೆಯಲ್ಲೇ ಬಿಗಿದಿದ್ದಳು. ಆ ಚರ್ಮಕ್ಕೆ ಕೆನ್ನೆಯೊತ್ತಿದರೆ ಇವತ್ತಿಗೂ ಹಳೆಯ ಡೇರೆಯ ವಾಸನೆ, ದೀಪದೆಣ್ಣೆಯ ವಾಸನೆ, ಅಮ್ಮನ ವಾಸನೆ ಬರುತ್ತದೆ ಎನ್ನುತ್ತಿದ್ದ ಕೌನಾಕ.

"ಮೂಗು ಅಮ್ಮನ ಮೇಲೆ ಇಟ್ಟರೆ ಕಣ್ಣು ಕರಡಿ ಮೇಲೆ ಹೆಂಗಿರತ್ತೆ ಭಾವ?" ಎನ್ನುತ್ತಿದ್ದ ಮಾರ್ಕುಸಿ.

ಮಾರ್ಕುಸಿ ಕೌನಾಕನ ಸೋದರತ್ತೆಯ ಮಗ. ನಮ್ಮಲ್ಲಿ ಈ ನಂಟಿನವರು ಎದುರಾದರೆ ಹೀಯಾಳಿಸದೆ ಹಾದುಹೋಗುವಂತಿಲ್ಲ. ಹೋದರೆ ಇಬ್ಬರಲ್ಲೊಬ್ಬನಿಗೆ ಜ್ವರ ಎಂದೇ ಅರ್ಥ.

ಹೊಸ ಕೋವಿಗಳು ಬಂದ ವಸಂತದಲ್ಲಿ ಹಳೆಯವನ್ನೆಲ್ಲ ಒಪ್ಪಿಸಬೇಕೆಂದು ಆದೇಶವಾಯಿತು. ಪರೀಕ್ಷೆಯಲ್ಲಿ ಗೆದ್ದ ಕೋವಿಯನ್ನು ಮಾತ್ರ ನೆನಪಿಗೆ ಇಟ್ಟುಕೊಳ್ಳಬಹುದು, ಸೋತದ್ದು ಕುಲುಮೆಗೆ. ಕೌನಾಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕೋವಿಗೆ ತನ್ನದೇ ಮಫ್ಲರ್ ಸುತ್ತಿ, ಸಮುದಾಯ ಭವನಕ್ಕೆ ಮದುಮಗಳಂತೆ ಕರೆತಂದ.

ಪರೀಕ್ಷಕಿ ದಕ್ಷಿಣದಿಂದ ಬಂದ ಸಾರ್ಜೆಂಟ್. ಅವಳು ಮೊದಲು ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಗುಂಡನ್ನು ಒಳಗೆ ತಳ್ಳಿ ಅಗುಳಿ ಹಾಕುವ ಬೋಲ್ಟನ್ನು ಹೊರಗೆಳೆದು, ನಳಿಗೆಯನ್ನು ಕಿಟಕಿಗೆ ಹಿಡಿದು ಇಣುಕಿದಳು. ಆಮೇಲೆ ಅಂಕಿಗಳನ್ನು ಓದಿದಳು.

"ತಾತ, ಕೋವಿ ಮೇಲೆ 3862 ಅಂತಿದೆ. ಬೋಲ್ಟ್ ಮೇಲೆ 4417. ಈ ಬೋಲ್ಟ್ ನಿಮ್ಮದಲ್ಲ."

"ಮೂವತ್ತೈದು ನಲವತ್ತು ವರ್ಷದಿಂದ ನನ್ನ ಹತ್ರಾನೇ ಇದೆಯಲ್ಲಮ್ಮ, ಇನ್ಯಾರದಾಗತ್ತೆ?"

"ಹೊಡೆದ ಕಾಡತೂಸು ಇದ್ರೆ ಕೊಡಿ."

ಜೇಬಿನಿಂದ ಬಂದ ಖಾಲಿ ಕಾಡತೂಸಿನ ಬುಡದ ಹತ್ತಿರ ಉಂಗುರದಂತೆ ಒಂದು ಗೆರೆ ಹೊಳೆಯುತ್ತಿತ್ತು. "ನೋಡಿ. ಒಂದೊಂದು ಕೋವಿಗೂ ಅಳತೆ ನೋಡಿ ಅದರದೇ ಬೋಲ್ಟ್ ಕೂರಿಸಿರ್ತಾರೆ. ಬೇರೇದು ಹಾಕಿದ್ರೆ ಹಿಂದೆ ಸಂದಿ ಉಳಿದು ಹಿತ್ತಾಳೆ ಹಿಗ್ಗತ್ತೆ. ಇನ್ನೊಂದ್ಸಲ ಹೊಡೆದಿದ್ರೆ ಇಲ್ಲೇ ತುಂಡಾಗಿ ಬೆಂಕಿ ನಿಮ್ಮ ಮುಖಕ್ಕೆ ಬರ್ತಿತ್ತೋ ಏನೋ. ನಾಳೆ ವಿಮಾನ ಹೊರಡೋದ್ರೊಳಗೆ ನಿಮ್ಮ ಬೋಲ್ಟ್ ತನ್ನಿ. ಇಲ್ಲಾಂದ್ರೆ ನಾನು ಇದನ್ನ ಬಿಟ್ಟುಹೋಗೋ ಹಾಗಿಲ್ಲ."

ಪಟ್ಟಿ ತೆಗೆದು ನೋಡಿದಳು. 4417: ಮಾರ್ಕುಸಿ. ಕೋವಿ ಸಮುದ್ರದ ಪಾಲು.

ಕೌನಾಕನಿಗೆ ಆ ಬೆಳಗು ನೆನಪಾಯಿತು. ತಣ್ಣನೆಯ ಕೋವಿಯನ್ನು ಬೆಚ್ಚಗಿನ ಡೇರೆಯೊಳಗೆ ತಂದರೆ ಕಬ್ಬಿಣ ಬೆವರುತ್ತದೆ, ಹೊರಗೆ ಹೋದೊಡನೆ ಆ ಬೆವರು ಹೆಪ್ಪುಗಟ್ಟುತ್ತದೆ. ಹಾಗಾಗಿ ನಾವು ಕೋವಿಯನ್ನು ಹೊರಗೇ ಬಿಟ್ಟು ಬೋಲ್ಟನ್ನಷ್ಟೇ ಒಳಗೆ ತಂದು, ಎಣ್ಣೆಪಸೆ ಒಂದಿಷ್ಟೂ ಉಳಿಯದಂತೆ ಒರೆಸಿ ಇಡುತ್ತೇವೆ. ಅಂದು ಭಾವಂದಿರ ಎರಡೂ ಬೋಲ್ಟುಗಳು ಕೈಗವಸುಗಳ ಪಕ್ಕದಲ್ಲೇ ಒಣಗುತ್ತಿದ್ದವು. ನಾಯಿಗಳು ಬೊಗಳಿದವು, ಹಿಮಕರಡಿ ಬಂದಿತ್ತು. ಇಬ್ಬರೂ ಕೈಗೆ ಸಿಕ್ಕ ಬೋಲ್ಟು ಹಿಡಿದು ಓಡಿದರು. ಇಬ್ಬರೂ ಹೊಡೆದರು. ಕರಡಿ ಎರಡೂ ಗುಂಡುಗಳನ್ನು ತಿರುಗಿ ನೋಡಿ ನಿಧಾನವಾಗಿ ನಡೆದು ಹೋಯಿತು. ತಪ್ಪು ಯಾರದೆಂಬ ಜಗಳ ಅಂದಿನಿಂದ ಊರಿಗೆ ಚಹಾದ ಜೊತೆಯ ರೊಟ್ಟಿಯಾಯಿತು.

ಮಾರ್ಕುಸಿಯ ಮನೆಯಲ್ಲಿ ಕಪಾಟಿನ ಮೇಲೆ ನರಿತುಪ್ಪಳದ ಗಂಟೊಂದಿತ್ತು. ಮಂಜುಗಡ್ಡೆ ಬಿರಿದು ಜಾರುಬಂಡಿಯೂ ಕೋವಿಯೂ ಮುಳುಗಿದ ದಿನ ಅವನ ಜೇಬಿನಲ್ಲಿ ಉಳಿದದ್ದು ಬೋಲ್ಟ್ ಒಂದೇ. ಅದನ್ನು ತೀರಿಹೋದವರ ಗುರುತಿನಂತೆ ಜೋಪಾನ ಮಾಡಿದ್ದ.

"ಅದು ನನ್ನದು ಭಾವ," ಎಂದ ಕೌನಾಕ.

ಮಾರ್ಕುಸಿ ಗಂಟು ಬಿಚ್ಚಿ, ಕನ್ನಡಕ ಹಾಕಿ ಓದಿದ. 3862. "ಥೂ! ಇಷ್ಟು ವರ್ಷ ನಾನು ಅತ್ತಿದ್ದು ನಿನ್ನ ಕಬ್ಬಿಣಕ್ಕಾ?"

"ಕೊಡ್ತೀಯಾ?"

ಮಾರ್ಕುಸಿ ಮೂಗು ಸುಕ್ಕಿಸಿದ. ಇಲ್ಲ ಎಂದರ್ಥ. "ನನ್ನ ಕೋವೀದು ಅಂತ ಮನೇಲಿರೋದು ಇದೊಂದೇ. ಸುಳ್ಳೋ ನಿಜವೋ, ಅಭ್ಯಾಸ ಆಗಿಬಿಟ್ಟಿದೆ."

ಕೌನಾಕ ಅಂಗಿಯೊಳಗಿಂದ 4417 ತೆಗೆದು ಮೇಜಿನ ಮೇಲಿಟ್ಟ. "ನಿನ್ನ ಕೋವಿ ಪೂರ್ತಿ ಮುಳುಗಿಲ್ಲ ಭಾವ. ಇಷ್ಟು ನನ್ನ ಹತ್ರ ಇತ್ತು."

ಮಾರ್ಕುಸಿ ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಬೆಚ್ಚಗೆ ಮಾಡಿದ. ಮೆಲ್ಲಗೆ ಹುಬ್ಬೇರಿಸಿದ. ಹೂಂ ಎಂದರ್ಥ.

ಮರುದಿನ ಬೆಳಿಗ್ಗೆ ಅಂಕಿಗೆ ಅಂಕಿ ಕೂಡಿತು. ಸಾರ್ಜೆಂಟ್ ಒಳಗಿಟ್ಟ ಉಕ್ಕಿನ ಅಳತೆಬಿಲ್ಲೆಯ ಮೇಲೆ ಬೋಲ್ಟು ಮುಚ್ಚಲೊಪ್ಪಲಿಲ್ಲ. ಹಾಗೇ ಇರಬೇಕಂತೆ, ಹಿಂದೆ ಸಂದಿ ಇಲ್ಲವೆಂದರ್ಥ.

"ಮೊದಲ ಗುಂಡು ನಾನೇ ಹೊಡೀತೀನಿ," ಎಂದ ಕೌನಾಕ.

"ಮೊದಲ ಗುಂಡು ಯಾರೂ ಹಿಡಿದು ಹೊಡೆಯಲ್ಲ ತಾತ. ಜಾರುಬಂಡಿಗೆ ಕಟ್ಟಿ."

ಕೋವಿಯನ್ನು ಬಂಡಿಗೆ ಬಿಗಿದು, ಬೆಟ್ಟದ ಬೋಳು ಇಳಿಜಾರಿಗೆ ಮುಖ ಮಾಡಿಸಿ, ಗುಂಡು ಹಾರಿಸುವ ಟ್ರಿಗರ್‌ಗೆ ಉದ್ದದ ದಾರ ಕಟ್ಟಿದೆವು. ಊರಿನ ಶೂರರೆಲ್ಲ ದೊಡ್ಡ ಬಂಡೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. ದಾರ ಎಳೆದಾಗ ಢಮ್! ಹೊರಬಂದ ಕಾಡತೂಸನ್ನು ಸಾರ್ಜೆಂಟ್ ತಿರುಗಿಸಿ ತಿರುಗಿಸಿ ನೋಡಿದಳು. ಬುಡದಲ್ಲಿ ಗೆರೆ ಇರಲಿಲ್ಲ. ಇನ್ನೆರಡು ಹೊಡೆಸಿದಳು, ಅವೂ ಶುದ್ಧ. ಕಾಗದಕ್ಕೆ ಮುದ್ರೆ ಬಿತ್ತು.

ಈಗ ಕೌನಾಕ ನೂರು ಹೆಜ್ಜೆ ದೂರದಲ್ಲಿ ಬಿಸ್ಕತ್ತಿನ ಡಬ್ಬಿ ಇಡಿಸಿದ. ಸೀಲ್ ಚರ್ಮಕ್ಕೆ ಕೆನ್ನೆಯೊತ್ತಿದ, ಉಸಿರು ಹಿಡಿದ, ಹೊಡೆದ. ಡಬ್ಬಿ ಅಲುಗಲಿಲ್ಲ. ಐದು ಗುಂಡಿಗೂ ಅಲುಗಲಿಲ್ಲ. ಪುಣ್ಯಕ್ಕೆ ಸರ್ಕಾರದ ಕಾಗದದಲ್ಲಿ ಗುರಿಗೆಂದು ಜಾಗವಿರಲಿಲ್ಲ.

"ಈಗ ತಪ್ಪು ಯಾರ ಮೇಲೆ ಹಾಕ್ತೀಯ ಭಾವ?" ಮಾರ್ಕುಸಿ ಹೊಟ್ಟೆ ಹಿಡಿದುಕೊಂಡು ಹಿಮದ ಮೇಲೆ ಕೂತುಬಿಟ್ಟಿದ್ದ.

"ಇಷ್ಟು ವರ್ಷ ನಿನ್ನ ಮನೇಲಿದ್ದು ಈ ಬೋಲ್ಟು ನಿನ್ನ ಚಾಳಿ ಕಲ್ತಿದೆ ಕಣೋ," ಎಂದ ಕೌನಾಕ, ಕೆನ್ನೆಯನ್ನು ಚರ್ಮದಿಂದ ಎತ್ತದೆ. "ಮರೆಯೋಕೆ ಒಂದಷ್ಟು ದಿನ ಬೇಕು. ಈಗ ಇದು ಎಲ್ಲೂ ಹೋಗಲ್ಲವಲ್ಲ."