ಮೂಗುಮುರುಕಿ ಮತ್ತು ಹದಿನಾಲ್ಕು ಮೀಟರ್

ನನ್ನ ಚಿಕ್ಕಮ್ಮನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಮೂಗುಮುರುಕಿ ಎನ್ನುತ್ತಾರೆ. ಬೇರೆಯವರು ಕುಡಿದ ಲೋಟವನ್ನು ಅವಳು ಮುಟ್ಟುವುದಿಲ್ಲ. ಬಾಯಿ ತೆರೆದು ಅಗಿಯುವವರ ಎದುರು ಕೂರುವುದಿಲ್ಲ. ಆದರೆ ಬೋರ್ ಕೊರೆದಾಗ ಉಕ್ಕುವ ಬೂದು ಕೆಸರಿನಲ್ಲಿ ಮೊಣಕೈವರೆಗೆ ಕೈ ಅದ್ದುತ್ತಾಳೆ. ಕೇಳಿದರೆ, "ಅದು ಮಣ್ಣು ಕಣೇ, ಅದರಲ್ಲೇನು ಗಲೀಜು?" ಎನ್ನುತ್ತಾಳೆ.

ಕೊರೆದ ತೂತಿನೊಳಗೆ ಗಾಜಿನ ಎಳೆಯ ಕೇಬಲ್ ಇಳಿಸಿ ಸುತ್ತಲೂ ಸಿಮೆಂಟ್ ನೀರು ತುಂಬುವುದು ಅವಳ ಕೆಲಸ. ಸಿಮೆಂಟ್ ಗಟ್ಟಿಯಾದಾಗ ಕೇಬಲ್ ಬಂಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ನೆಲದ ಮೇಲೆ ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾರೆ. ಆ ಬಡಿತದ ಅದುರು ಕೆಳಗಿಳಿಯುತ್ತದೆ, ಎಳೆಯೊಳಗೆ ಬಿಟ್ಟ ಬೆಳಕು ಆ ಅದುರು ಯಾವ ಮೀಟರಿಗೆ ಯಾವಾಗ ಬಂತೆಂದು ಹೇಳುತ್ತದೆ. ಬೇಗ ಓಡಿದರೆ ಬಂಡೆ ಗಟ್ಟಿ, ನಿಧಾನವಾದರೆ ಪುಡಿ. ಸುರಂಗ ಕುಸಿಯದಂತೆ ಎಷ್ಟು ದೂರಕ್ಕೊಂದು ಉಕ್ಕಿನ ಕಮಾನು ನಿಲ್ಲಿಸಬೇಕೆಂದು ಇದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಸುರಂಗ ತೋಡುವ ಗುಂಪಿನಲ್ಲಿ ನನ್ನ ಅಪ್ಪ ಇದ್ದಾನೆ.

ಸಿಮೆಂಟನ್ನು ತಳ ಮುಟ್ಟುವ ಕೊಳವೆಯಿಂದ, ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಏಳನೆಯ ತೂತಿನ ದಿನ ಚಿಕ್ಕಮ್ಮ ಹಲ್ಲುನೋವೆಂದು ರಜೆಯಲ್ಲಿದ್ದಳು. ಉಳಿದವರು ಬಕೆಟ್ಟಿನಲ್ಲಿ ಮೇಲಿನಿಂದ ಸುರಿದು ಕೈತೊಳೆದುಕೊಂಡಿದ್ದರು. ಮರುವಾರ ಪರದೆಯ ಮೇಲೆ ಓರೆಯಾಗಿ ಇಳಿಯಬೇಕಾದ ಅದುರಿನ ಗೆರೆ ನಡುವೆ ಅಂಕುಡೊಂಕಾಗಿ ಕುಣಿದಿತ್ತು. ಅವಳು ಅದನ್ನು ಅಚ್ಚು ಹಾಕಿದ ಹಾಳೆ ಹಿಡಿದು ಮೇಲ್ವಿಚಾರಕನ ಕೋಣೆಗೆ ಹೋದಳು. ಅವನು ಏನನ್ನೋ ತಿನ್ನುತ್ತಿದ್ದ. ಮೇಜಿನ ಮೇಲೆ ಎಂಜಲು ಲೋಟಗಳು, ಅವುಗಳೊಳಗೆ ಸಿಗರೇಟಿನ ತುಂಡು.

"ಏನಮ್ಮಾ, ಈಗ ಗೆರೆ ಕಂಡ್ರೂ ಮೂಗು ಮುರೀತೀಯಾ?"

"ನಲವತ್ತೊಂದರಿಂದ ಐವತ್ತೈದು ಮೀಟರ್‌ವರೆಗೆ ಕೇಬಲ್ ಜೋತಾಡ್ತಿದೆ ಸಾರ್. ಸಿಮೆಂಟ್ ಹೋಗೇ ಇಲ್ಲ. ಇಲ್ಲಿ ಅದುರಿರೋದು ಕೇಬಲ್ಲು, ಬಂಡೆ ಅಲ್ಲ."

"ಮೇಲೂ ಗಟ್ಟಿ, ಕೆಳಗೂ ಗಟ್ಟಿ. ನಡುವೆ ಮಾತ್ರ ಹಿಟ್ಟಿರುತ್ತಾ?" ಅವನು ಜಿಡ್ಡುಗೈಯಲ್ಲೇ ಮೌಸ್ ಹಿಡಿದು ಅಂಕುಡೊಂಕನ್ನು ಅಳಿಸಿದ. ಮೇಲಿನ ಗೆರೆಯನ್ನು ಕೆಳಗಿನದಕ್ಕೆ ನೇರವಾಗಿ ಜೋಡಿಸಿದ. "ನೋಡು, ಈಗ ಎಷ್ಟು ಲಕ್ಷಣವಾಗಿದೆ."

"ಸುರಂಗ ಹೋಗೋದೇ ಆ ಹದಿನಾಲ್ಕು ಮೀಟರಲ್ಲಿ ಸಾರ್."

"ಅದಕ್ಕೇ ಲಕ್ಷಣವಾಗಿರಬೇಕು. ಸಹಿ ಹಾಕು."

ಅವನು ಅಚ್ಚು ಹಾಕಿ ಮುಂದೆ ತಳ್ಳಿದ ಹೊಸ ಹಾಳೆಯ ಅಂಚಿನಲ್ಲಿ ಅವನ ಬೆರಳಿನ ಜಿಡ್ಡು ಮೂಡಿತ್ತು. ಚಿಕ್ಕಮ್ಮ, "ಇದನ್ನ ನಾನು ಮುಟ್ಟಲ್ಲ," ಎಂದು ಹೊರಟು ಬಂದಳು. ಅವಳ ಜಾಗದಲ್ಲಿ ಅವನೇ ಸಹಿ ಗೀಚಿದ.

ಆ ಸಂಜೆ ನಮ್ಮ ಮನೆಗೆ ಬಂದವಳು ತಿದ್ದದ ಹಾಳೆಯನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

"ಏನೇ ಇದು, ಊಟದ ಹೊತ್ತಿಗೆ ಹುಳ ಹರಿದಾಡಿದ ಹಾಗಿದೆ?" ಎಂದು ಅಪ್ಪ ನಕ್ಕ.

"ನಾಳಿದ್ದು ನೀವು ನಿಲ್ಲೋದು ಈ ಹುಳದ ಜಾಗದಲ್ಲೇ ಭಾವ. ಅಲ್ಲಿ ಬಂಡೆ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತು ಅಂತ ಬರೆದಿದ್ದಾರೆ."

ಅಪ್ಪ ಹಾಳೆ ಎತ್ತಿಕೊಂಡ. ಮರುಬೆಳಿಗ್ಗೆ ಅವನ ಗುಂಪು ಹೆಲ್ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುರಂಗದ ಬಾಯಲ್ಲಿ ಕುಳಿತುಬಿಟ್ಟಿತು. ಮತ್ತೆ ಕೊರೆಯುವವರೆಗೆ ಒಬ್ಬರೂ ಒಳಗೆ ಕಾಲಿಡಲಿಲ್ಲ. ಎಂಟನೆಯ ತೂತನ್ನು ಪಕ್ಕದಲ್ಲೇ ಕೊರೆದರು. ಈ ಸಲ ಚಿಕ್ಕಮ್ಮನೇ ನಿಂತು ತಳದಿಂದ ತುಂಬಿಸಿದಳು. ಹದಿನಾಲ್ಕು ಮೀಟರಿನಲ್ಲಿ ಒಂಬತ್ತು ಮೀಟರ್ ಅದುರು ತೆವಳಿಕೊಂಡು ಹೋಗಿತ್ತು. ಬರೀ ಪುಡಿ.

ದೊಡ್ಡ ಕಚೇರಿಯವರು ನೋಡಲು ಬಂದಾಗ ಮೇಲ್ವಿಚಾರಕ, "ನನಗೆ ಮೊದಲೇ ಅನುಮಾನ ಇತ್ತು ಸಾರ್," ಎಂದ. ಚಿಕ್ಕಮ್ಮನನ್ನು ಕರೆದು ಭುಜದ ಮೇಲೆ ಕೈಯಿಟ್ಟು, "ನಮ್ಮ ಮೂಗುಮುರುಕೀನೂ ಸ್ವಲ್ಪ ಸಹಾಯ ಮಾಡಿದ್ಲು," ಎಂದು ಹಲ್ಲು ಕಿರಿದ. ಅವಳು ಭುಜ ಜಾರಿಸಿಕೊಂಡು ಕೊಳವೆ ತೊಳೆಯಲು ಹೋದಳು.

ಅಂದು ನಮ್ಮ ಬಚ್ಚಲಲ್ಲಿ ಅವಳು ಅಂಗಿಯ ಭುಜವನ್ನು ಉಜ್ಜುತ್ತಲೇ ಇದ್ದಳು.

"ಕೆಸರೇ ಆಗಿಲ್ಲವಲ್ಲೇ!" ಎಂದಳು ಅಮ್ಮ.

"ಕೆಸರಾಗಿದ್ರೆ ಒಂದೇ ನೀರಿಗೆ ಹೋಗ್ತಿತ್ತು ಅಕ್ಕ." ಆಮೇಲೆ ಒಳಕೋಣೆಯತ್ತ ಕೂಗಿದಳು, "ಭಾವ, ಕಮಾನು ಎಷ್ಟಕ್ಕೊಂದು ಹಾಕ್ತಿದ್ದಾರೆ?"

"ಎರಡು ಮೀಟರಿಗೊಂದು ಅಂದಿದ್ರು. ಈಗ ಮುಕ್ಕಾಲು ಮೀಟರಿಗೊಂದು."

"ಸರಿ," ಎಂದು ಮತ್ತೆ ಸೋಪು ಹಚ್ಚಿದಳು.