ಬೆರಳು ಮೇಷ್ಟ್ರ ಏಳನೇ ತರಗತಿ

ಲೆಕ್ಕದ ಮೇಷ್ಟ್ರನ್ನು ‘ಬೆರಳು ಮೇಷ್ಟ್ರು’ ಎಂದು ಕರೆಯದವರು ಇಬ್ಬರೇ: ಶಾಲೆಯಲ್ಲಿ ಹೆಡ್‌ಮೇಡಂ, ಮನೆಯಲ್ಲಿ ಹೆಂಡತಿ. ಹೆಂಡತಿಗೆ ಬೇರೆಯದೇ ಚಿಂತೆ. “ಕೈ ತೊಳ್ಕೊಂಡು ಊಟಕ್ಕೆ ಕೂತ್ಕೊಳ್ಳಿ. ದಿನಾ ಸೀಮೆಸುಣ್ಣ ತಿಂದು ತಿಂದು ಹೊಟ್ಟೆಯೊಳಗೆ ಒಂದು ಗೋಡೆ ಎದ್ದಿರುತ್ತೆ, ಇನ್ನು ಕಿಟಕಿ ಇಡೋದೊಂದು ಬಾಕಿ,” ಎನ್ನುತ್ತಿದ್ದರು.

ಹೆಸರು ಬಂದದ್ದು ಅವರು ಮಕ್ಕಳನ್ನು ಅಳೆಯುತ್ತಿದ್ದ ಬಗೆಯಿಂದ. ಪಾಠ ಮುಗಿದ ಕೂಡಲೇ ಮೇಜಿನ ಮೇಲೆ ಡಸ್ಟರ್ ಕುಟ್ಟುವರು. ಮಕ್ಕಳೆಲ್ಲ ಡೆಸ್ಕಿಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ, ಒಂದು ಕೈ ಎತ್ತಬೇಕು. ತಿಳಿದಿದ್ದರೆ ಐದೂ ಬೆರಳು ಬಿಚ್ಚಬೇಕು, ಅರ್ಧಂಬರ್ಧ ತಿಳಿದಿದ್ದರೆ ಎರಡು, ತಲೆಬುಡ ತಿಳಿಯದಿದ್ದರೆ ಮುಷ್ಟಿ. ಯಾರ ಕೈಯೂ ಯಾರಿಗೂ ಕಾಣದಾದ್ದರಿಂದ ನಾಚಿಕೆಯ ಮಾತೇ ಇಲ್ಲ. ಆ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿಗಳೂ ತಲೆ ತಗ್ಗಿಸಿ ಮುಂಗಾಲು ಎತ್ತುತ್ತಿದ್ದವಂತೆ. ಮುಷ್ಟಿಯ ಬಿಗಿ ನೋಡಿಯೇ ಮಗು ಎಡವಿದ್ದು ಅಂಶದಲ್ಲೋ ಛೇದದಲ್ಲೋ ಎಂದು ಮೇಷ್ಟ್ರು ಹೇಳಿಬಿಡುತ್ತಿದ್ದರು. ಒಂದೇ ಒಂದು ಮುಷ್ಟಿ ಕಂಡರೂ ಮರುದಿನ ಅದೇ ಪಾಠ ಮೊದಲಿನಿಂದ. ಒಮ್ಮೆ ದಶಮಾಂಶದ ಪಾಠದಲ್ಲಿ ಕೊನೆಯ ಬೆಂಚಿನ ಒಂದು ಮುಷ್ಟಿ ಬಿಚ್ಚಿಸುವಷ್ಟರಲ್ಲಿ ಇಡೀ ತರಗತಿಗೆ ಮೀಸೆ ಬಂದಿತ್ತಂತೆ, ಹುಡುಗಿಯರನ್ನು ಬಿಟ್ಟು.

ವಿಜ್ಞಾನದ ಮೇಷ್ಟ್ರಿಗೆ ಇದೆಲ್ಲ ತಮಾಷೆ. ಅವರದು ವಾರಕ್ಕೊಂದು ಚೀಟಿ, ಚೀಟಿಯಲ್ಲಿ ಐದು ಪ್ರಶ್ನೆ.

“ಏನ್ ಸಾರ್, ಇವತ್ತು ಬೆರಳಿನ ಫಸಲು ಹೇಗೆ?” ಎಂದು ಚಹಾದ ಹೊತ್ತಿನಲ್ಲಿ ಕೆಣಕುವರು.

“ನಿಮ್ಮ ಚೀಟೀಲಿ ಪಕ್ಕದವನ ಉತ್ತರ ಇರುತ್ತೆ ಕಣ್ರೀ. ಬೆರಳು ಅವರವರದ್ದೇ.”

“ಬೆರಳು ಸುಳ್ಳು ಹೇಳಲ್ಲ ಅಂತ ಏನು ಗ್ಯಾರಂಟಿ?”

“ಹೆದರೋ ಮಕ್ಕಳು ಸುಳ್ಳು ಹೇಳ್ತಾರೆ. ನನಗೆ ಯಾರ್ರೀ ಹೆದರ್ತಾರೆ?”

ಅದಂತೂ ನಿಜ. ಅವರಿಗೆ ಸೊಳ್ಳೆಯೂ ಹೆದರುತ್ತಿರಲಿಲ್ಲ.

ಏಳನೆಯ ತರಗತಿಗೆ ವರ್ಷದ ಕೊನೆಯಲ್ಲಿ ಹೊರಗಿನವರು ನಡೆಸುವ ದೊಡ್ಡ ಪರೀಕ್ಷೆ ಇರುತ್ತಿತ್ತು. ಅಲ್ಲಿ ಲೆಕ್ಕ ಕೈಕೊಟ್ಟರೆ ಮಗು ಅಲ್ಲಿಗೇ ನಿಂತಂತೆ. ಆದ್ದರಿಂದ ಆ ತರಗತಿಯನ್ನು ಹೆಡ್‌ಮೇಡಂ ಪ್ರತಿವರ್ಷವೂ ಇವರ ಕೈಗೇ ಕೊಟ್ಟು ನಿಶ್ಚಿಂತೆಯಾಗಿರುತ್ತಿದ್ದರು.

ಆ ವರ್ಷ, ಪಾಠಗಳು ಇನ್ನೂ ಕಾಲುಭಾಗವಷ್ಟೇ ಮುಗಿದಿರುವಾಗ, ಮೇಷ್ಟ್ರ ಹೆಂಡತಿ ತೀರಿಕೊಂಡರು. ಜ್ವರವೆಂದು ಆಸ್ಪತ್ರೆಗೆ ಹೊರಟವರು, “ಸಂಜೆ ಬಂದು ಹಾಲು ಕಾಯಿಸ್ತೀನಿ, ನೀವು ಉಕ್ಕಿಸಿ ಇಡ್ಬೇಡಿ,” ಎಂದು ಹೇಳಿ ಹೋದವರು, ಬರಲೇ ಇಲ್ಲ. ಹಾಲು ಒಡೆದು, ಹುಳಿತು, ಪಾತ್ರೆಗೆ ಅಂಟಿಕೊಂಡಿತು. ಮೇಷ್ಟ್ರು ಮುಟ್ಟಲಿಲ್ಲ. ಕೊನೆಗೆ ಅವರ ಅಕ್ಕ ಬಂದು ತೊಳೆದಿಟ್ಟು, ತಮ್ಮನ ಮನೆಯಲ್ಲೇ ಉಳಿದರು.

ಶಾಲೆಗೆ ಮರಳಿದ ದಿನ ಭಿನ್ನರಾಶಿಯ ಭಾಗಾಕಾರ. ಮೇಷ್ಟ್ರು ಬರೆದರು, ಅಳಿಸಿದರು, ಏನೋ ಹೇಳಿದರು. ಡಸ್ಟರ್ ಕುಟ್ಟಿದರು. ಹಣೆಗಳು ಡೆಸ್ಕಿಗೆ ಬಾಗಿದವು, ಕೈಗಳು ಎದ್ದವು. ಎಲ್ಲವೂ ಮುಷ್ಟಿ. ಮೂಲೆಯಿಂದ ಮೂಲೆಗೆ ಒಂದು ಬೆರಳೂ ಬಿಚ್ಚಿರಲಿಲ್ಲ.

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಿಂತರು. ಕಣ್ಣು ಮುಚ್ಚಿದ್ದ ಮಕ್ಕಳಿಗೆ ಒಂದು ಸದ್ದು ಕೇಳಿಸಿತು. ದೊಡ್ಡವರು ತಡೆದುಕೊಂಡು ಅಳುವ ಅಳುವಲ್ಲ ಅದು. ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಮಗು ಬಿಕ್ಕಿದ ಹಾಗಿತ್ತು. ಗಂಟೆ ಹೊಡೆಯುವವರೆಗೂ ಯಾರೊಬ್ಬರೂ ತಲೆ ಎತ್ತಲಿಲ್ಲ.

ಮರುದಿನ ಎಲ್ಲ ಕೈಗಳೂ ಬಿಚ್ಚಿದ್ದವು. ಅದರ ಮರುದಿನವೂ. ಅಲ್ಲಿಂದ ಮುಂದೆ ದಿನವೂ ಅದೇ.

ಮನೆಯಲ್ಲಿ ಅಕ್ಕ ಗದರುತ್ತಿದ್ದರು. “ಊಟ ಮಾಡೋ. ತಟ್ಟೇನೇ ದಿಟ್ಟಿಸ್ತಾ ಕೂತ್ರೆ ಅದೇನು ಎದ್ದು ನಿಂತು ಉತ್ತರ ಹೇಳುತ್ತಾ?”

“ಅಕ್ಕಾ, ಇವತ್ತೂ ಎಲ್ಲ ಕೈ ಬಿಚ್ಚಿದ್ವು.”

“ಯಾವ ಕೈಯೋ?”

“ಮಕ್ಕಳದ್ದು. ಹೇಳಿದ್ದೆಲ್ಲ ತಿಳೀತಿದೆ ಅವಕ್ಕೆ. ಉಳಿದಿದ್ದೆಲ್ಲ ಹಾಳಾಗಿ ಹೋಯ್ತು, ಅದೊಂದು ಮಾತ್ರ ನೆಟ್ಟಗಿದೆ.”

ಅಕ್ಕನಿಗೆ ಬೆರಳಿನ ಲೆಕ್ಕವೇನೂ ತಿಳಿಯುತ್ತಿರಲಿಲ್ಲ. ತಮ್ಮ ಎರಡು ತುತ್ತು ಹೆಚ್ಚು ಉಂಡನಲ್ಲ ಎಂದು ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಅರ್ಧವಾರ್ಷಿಕ ಪರೀಕ್ಷೆ ಬಂತು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಕೂತು ಮೇಷ್ಟ್ರು ಕೆಂಪು ಪೆನ್ನು ಬಿಚ್ಚಿದರು. ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂಬುದು ಮೊದಲ ಪ್ರಶ್ನೆ. ಮೊದಲ ಉತ್ತರಪತ್ರಿಕೆಯಲ್ಲಿ ಮೇಲೊಂದು ಸಾಲು, ನಡುವೆ ನಾಲ್ಕು ಬೆರಳು ಖಾಲಿ ಜಾಗ, ಕೆಳಗೆ ಬಾಯಿಗೆ ಬಂದ ಒಂದು ಸಂಖ್ಯೆ. ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಕೆಳಗಿನ ಸಂಖ್ಯೆಗಳು ಒಂದಕ್ಕೊಂದು ಸಂಬಂಧವಿಲ್ಲದವು. ಖಾಲಿ ಜಾಗ ಮಾತ್ರ ಎಲ್ಲದರಲ್ಲೂ ಅಳೆದಿಟ್ಟಂತೆ ಒಂದೇ.

ಮೇಷ್ಟ್ರು ಮುಂದಿನ ಬೆಂಚಿನ ಹುಡುಗಿಯನ್ನು ಕರೆಸಿದರು. ಮಹಾ ಮಾತಿನಮಲ್ಲಿ. ಅವಳು ಬಾಯಿ ತೆರೆದರೆ ಶಾಲೆಯ ಗಂಟೆಯೂ ತನ್ನ ಸರದಿಗೆ ಕಾಯಬೇಕಿತ್ತು.

“ಏನಮ್ಮಾ ಇದು? ಮೇಲಿನ ಸಾಲಿದೆ, ಕೆಳಗಿನ ಸಾಲಿದೆ. ನಡುವೆ ಸೇತುವೆ ನಾನು ಕಟ್ಟಬೇಕಾ?”

“ನೀವೂ ಹಾಗೇ ಬರೀತಿದ್ರಿ ಸಾರ್.”

“ನಾನಾ?”

“ಹೂಂ ಸಾರ್. ಮೇಲಿನ ಸಾಲು ಬರೆದು ಸುಮ್ನೆ ನಿಂತ್ಕೊಳ್ತಿದ್ರಿ. ತುಂಬಾ ಹೊತ್ತು. ಆಮೇಲೆ ಕೆಳಗೆ ಉತ್ತರ ಬರೆದು ಡಸ್ಟರ್ ಕುಟ್ಟಿಬಿಡ್ತಿದ್ರಿ.”

ಮೇಷ್ಟ್ರಿಗೆ ಒಂದು ದಿನವೂ ನೆನಪಿಗೆ ಬರಲಿಲ್ಲ. ಸೀಮೆಸುಣ್ಣ ಹಿಡಿದು ನಿಂತಾಗ ತಾವು ಎಲ್ಲಿಗೆ ಹೋಗಿರುತ್ತಿದ್ದೆವು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

“ತಿಳೀದೇ ಇದ್ರೆ ಮುಷ್ಟಿ ಹಿಡೀಬೇಕು ಅಲ್ವೇನಮ್ಮಾ? ದಿನಾ ಎಲ್ಲರೂ ಕೈ ಬಿಚ್ಚಿದ್ರಲ್ಲ, ಯಾಕೆ?”

ಮಾತಿನಮಲ್ಲಿ ನೆಲ ನೋಡುತ್ತ ಮೆಲ್ಲಗೆ ಹೇಳಿದಳು: “ಅವತ್ತು ಎಲ್ರೂ ಮುಷ್ಟಿ ಹಿಡಿದಿದ್ದಕ್ಕೆ ನೀವು ಅತ್ರಲ್ಲ ಸಾರ್. ಆಟದ ಬಯಲಲ್ಲಿ ಕೇಳಿದ್ರೆ ಎಲ್ರದ್ದೂ ಮುಷ್ಟಿನೇ ಅಂತೆ, ನಾವೇ ಅಳಿಸಿದ್ವಿ ಅಂತ ಮಾತಾಡ್ಕೊಂಡ್ವಿ. ಇನ್ಮೇಲೆ ಯಾರೂ ಹಿಡೀಬಾರ್ದು ಅಂತ.”

“ನೀವು ಅಳಿಸಿದ್ದಲ್ಲ ಕಣಮ್ಮಾ,” ಎಂದರು ಮೇಷ್ಟ್ರು. ಕೆಂಪು ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ಹುಡುಗಿ ಗಾಬರಿಯಿಂದ ಅವರ ಮುಖ ನೋಡಿ, “ನಾನು ಹೇಳಬಾರ್ದಿತ್ತು,” ಎನ್ನುತ್ತ ಓಡಿದಳು.

ಮರುದಿನ ಮೇಷ್ಟ್ರು ಅದೇ ಲೆಕ್ಕವನ್ನು ಒಂದು ಸಾಲೂ ಬಿಡದೆ ಬರೆದು, ಮೂರು ಸಲ ಬಿಡಿಸಿ ಹೇಳಿದರು. “ಇವತ್ತು ನಿಜ ಹೇಳ್ಬೇಕು. ತಿಳೀಲಿಲ್ಲ ಅಂದ್ರೆ ಮುಷ್ಟಿ ಹಿಡೀರಿ. ನಾನೇನೂ ಅಳಲ್ಲ,” ಎಂದರು. ಆ ಕೊನೆಯ ಮಾತು ಹೇಳುವಾಗಲೇ ದನಿ ನಡುಗಬೇಕೇ! ಡೆಸ್ಕುಗಳ ಮೇಲೆ ಎಲ್ಲ ಕೈಗಳೂ ಎದ್ದವು. ಐದು ಬೆರಳು ಸಾಲದೇನೋ, ಆರನೆಯದೂ ಇದ್ದರೆ ಅದನ್ನೂ ಬಿಚ್ಚೋಣ ಎಂಬಷ್ಟು ಅಗಲವಾಗಿ ಬಿಚ್ಚಿದ್ದವು. ಕೊನೆಯ ಬೆಂಚಿನ ಹುಡುಗನನ್ನು ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಟ್ಟರು. ಅವನು ಮೇಲಿನ ಸಾಲು ಬರೆದು, ಮುಂದೆ ತೋಚದೆ, ಮೇಷ್ಟ್ರನ್ನು ನೋಡಿ ಸಮಾಧಾನ ಮಾಡುವವನಂತೆ ನಕ್ಕ.

ಆ ಮಧ್ಯಾಹ್ನವೇ ಮೇಷ್ಟ್ರು ಹೆಡ್‌ಮೇಡಂ ಮುಂದೆ ನಿಂತರು.

“ಏಳನೇ ಕ್ಲಾಸಿನ ಲೆಕ್ಕಾನ ವಿಜ್ಞಾನದವರಿಗೆ ಕೊಟ್ಬಿಡಿ ಮೇಡಂ.”

“ಒಂದು ಪರೀಕ್ಷೆ ಕೆಟ್ಟಿದ್ದಕ್ಕೆ ಇಷ್ಟೊಂದಾ? ನಿಮ್ಮ ಪರಿಸ್ಥಿತಿ ನನಗೆ ಗೊತ್ತಿಲ್ವಾ ಸಾರ್? ದೊಡ್ಡ ಪರೀಕ್ಷೆಗೆ ಇನ್ನೂ ಸಮಯ ಇದೆ.”

“ಸಮಯ ಇರುವಾಗ್ಲೇ ಕೊಡಿ. ನನ್ನ ಮುಂದೆ ಆ ಮಕ್ಕಳು ಇನ್ನು ಯಾವತ್ತೂ ಮುಷ್ಟಿ ಹಿಡಿಯಲ್ಲ.”

“ಅಷ್ಟೊಂದು ಪ್ರೀತಿ ಇಟ್ಟಿದ್ರೆ ಒಳ್ಳೇದೇ ಅಲ್ವಾ?”

“ನನಗೆ ಒಳ್ಳೇದು ಮೇಡಂ,” ಎಂದರು. “ಅವರಿಗಲ್ಲ.”

ಮೇಷ್ಟ್ರಿಗೆ ಐದನೆಯ ತರಗತಿ ಬಂತು, ಏಳನೆಯದರ ಪಕ್ಕದ ಕೋಣೆ. ಚೀಟಿಯ ಮೇಷ್ಟ್ರ ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು: ಛೇದ, ಅಂಶ, ತಿರುಗಿಸಿ ಬರೆಯಿರಿ. ಅದರ ಬೆನ್ನಿಗೇ ಮಾತಿನಮಲ್ಲಿಯ ಗಂಟಲು: “ಸಾರ್, ತಿಳೀಲಿಲ್ಲ!” ಇನ್ನೊಬ್ಬ, “ನನಗೂ ಇಲ್ಲ ಸಾರ್!” ಮತ್ತೊಬ್ಬ, ಮತ್ತೊಬ್ಬಳು. ನೋಡನೋಡುತ್ತಿದ್ದಂತೆ ಇಡೀ ತರಗತಿ, ತಿಂಗಳುಗಟ್ಟಲೆ ಅದುಮಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕುವಂತೆ ಕೂಗತೊಡಗಿತು. ಸೂರಿನ ಹೆಂಚುಗಳು ಎದ್ದು ಕೂತವು.

ಐದನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡು ಕೇಳಿದಳು: “ಸಾರ್, ಆ ಕ್ಲಾಸಲ್ಲಿ ಜಗಳಾನಾ?”

ಮೇಷ್ಟ್ರು ಗೋಡೆಗೆ ಅಂಗೈ ಆನಿಸಿ ನಿಂತಿದ್ದರು.

“ಜಗಳ ಅಲ್ಲ ಪುಟ್ಟಾ,” ಎಂದರು. “ಪಾಠ ನಡೀತಿದೆ.”