ಎರಡು ಸೀಮೆಸುಣ್ಣ, ಒಂದು ಜೊತೆ ಬಿಳಿ ಶೂ

ಅನಿತಾ ಶಾಲೆಗೆ ಬಂದಳು!

ಇವತ್ತು ಇಂಟರ್ವಲ್ ಬೆಲ್ ಹೊಡೆದ ಕೂಡಲೇ ನನ್ನ ಮೊಮ್ಮಗಳು ವಿನುತಾ ಶಾಲೆ ಎದುರಿನ ಕಾಯಿನ್ ಬಾಕ್ಸಿನಿಂದ ನನ್ನ ಟೈಲರ್ ಅಂಗಡಿಗೆ ಫೋನ್ ಮಾಡಿದಳು. "ಅಜ್ಜಾ, ಬಂದ್ಲು. ಮೂರನೇ ಬೆಂಚಲ್ಲಿ ಕೂತಿದಾಳೆ." ಅಷ್ಟೇ. ಆಮೇಲೆ ಮೂಗೆಳೆಯುವ ಸದ್ದು. ನಾನು ಮಿಷನ್ ಬಿಟ್ಟು ಎದ್ದೆ. ಕೊರಳಲ್ಲಿ ಟೇಪು ನೇತಾಡ್ತಿತ್ತು, ಹಾಗೇ ರಸ್ತೆಗಿಳಿದು ಹೂವಿನ ಅಂಗಡಿಯವನಿಗೂ ಹೇಳಿದೆ, ಬಸ್ಸಿಗೆ ಕಾಯ್ತಿದ್ದ ಗುರುತಿಲ್ಲದವರಿಗೂ ಹೇಳಿದೆ.

"ಯಾರು ಬಂದದ್ದು ಮಾರಾಯ್ರೆ, ಮಿನಿಸ್ಟ್ರಾ?" ಅಂದ ಹೂವಿನವನು.

ಮಿನಿಸ್ಟರ್ ಬಂದಿದ್ದರೆ ನಾನು ಮಿಷನ್ ಬಿಟ್ಟು ಏಳ್ತಿದ್ದೆನಾ?

ಅನಿತಾ ನಮ್ಮ ನೆಂಟರ ಪೈಕಿ ಅಲ್ಲ. ಹಿರೇಕೊಡಿಗೆಯಿಂದ ಕೊಪ್ಪಕ್ಕೆ ಬಸ್ಸಲ್ಲಿ ಬಂದು ಕಾನ್ವೆಂಟಿನಲ್ಲಿ ಮೂರನೇ ಕ್ಲಾಸು ಓದುವ ಹುಡುಗಿ. ಅವಳ ಕ್ಲಾಸ್ ಟೀಚರ್ ನಮ್ಮ ವಿನುತಾ. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿಲ್ಲ. ಅನಿತಾ ಇವತ್ತೂ ಬರದಿದ್ದರೆ ನಾಳೆ ಇವಳು ರಾಜೀನಾಮೆ ಕೊಡುವವಳಿದ್ದಳು. ಕಾಗದ ಬರೆದಾಗಿತ್ತು. (ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಾಲ್ಕೇ ಸಾಲು ಬರೆದು ಕೆಳಗೆ ಸೈನ್ ಹಾಕಿದ ಕಾಗದ ಎಂತದು ಅಂತ ಯಾವ ಭಾಷೆಯಲ್ಲಿದ್ದರೂ ಗೊತ್ತಾಗ್ತದೆ.)

ಆಗಿದ್ದು ಹೀಗೆ.

ಆ ಶಾಲೆಯಲ್ಲಿ ಶುಕ್ರವಾರ ಬಿಳಿ ಯೂನಿಫಾರಂ. ಅಂಗಿ, ಲಂಗ ನಾನೇ ಎಷ್ಟೋ ವರ್ಷದಿಂದ ಹೊಲೀತಿದ್ದೇನೆ. ಜೊತೆಗೆ ಬಿಳಿ ಕ್ಯಾನ್ವಾಸ್ ಶೂ. ನಮ್ಮ ಕಡೆಯ ಜುಲೈ ಮಳೆಯಲ್ಲಿ! (ಡಬ್ಬಿಯೊಳಗಿನ ಉಪ್ಪೇ ನೀರಾಗುವ ತಿಂಗಳಲ್ಲಿ ಕ್ಯಾನ್ವಾಸ್ ಒಣಗ್ತದಾ?) ಅಸೆಂಬ್ಲಿಯಲ್ಲಿ ಶೂ ಚೆಕ್ ಮಾಡ್ತಾರೆ. ಎಲ್ಲರ ಶೂ ಬೆಳ್ಳಗಿದ್ದ ಕ್ಲಾಸಿಗೆ ಒಂದು ಶೀಲ್ಡು, ವಾರವಿಡೀ ಅವರ ಬಾಗಿಲಲ್ಲಿ ನೇತಾಡ್ತದೆ. ಜೂನಿನಿಂದ ವಿನುತಾಳ ಕ್ಲಾಸಿಗೆ ಒಂದು ಸಲವೂ ಸಿಕ್ಕಿರಲಿಲ್ಲ. ಹೆಡ್ ಸಿಸ್ಟರ್ ಮೀಟಿಂಗಿನಲ್ಲಿ ಕೇಳಿದರಂತೆ: "ವಿನುತಾ ಟೀಚರ್, ನಿಮ್ಮ ಕ್ಲಾಸು?" ಬೈಗುಳವಲ್ಲ. ಆದರೆ ಹೊಸ ಟೀಚರಿಗೆ ಅಷ್ಟು ಸಾಕಲ್ಲ? ಮಾರನೇ ದಿನ ಇವಳು ಮಕ್ಕಳಿಗೆ ಹೇಳಿದಳು, ಶುಕ್ರವಾರ ಯಾರ ಶೂ ಕೊಳೆಯಾಗಿರ್ತದೋ ಅವರು ಹೊರಗೆ ನಿಲ್ಲಬೇಕು.

ಅವತ್ತಿಂದ ಟೇಬಲ್ ಮೇಲಿನ ಬಾಕ್ಸಿನ ಸೀಮೆಸುಣ್ಣ ಕಾಣೆಯಾಗತೊಡಗಿತು. ಗುರುವಾರ ಕೊನೇ ಪೀರಿಯಡ್ಡಿನಲ್ಲಿ ಇವಳು ಎಲ್ಲರ ಚೀಲ ತೆರೆಸಿದಳು. ಅನಿತಾಳ ಕಂಪಾಸ್ ಬಾಕ್ಸಿನಲ್ಲಿ ಎರಡು ಇಡೀ ಸೀಮೆಸುಣ್ಣ.

"ಕಳ್ಳಿ" ಅಂದುಬಿಟ್ಟಳು. ಐವತ್ತೆರಡು ಮಕ್ಕಳೆದುರು.

ಅನಿತಾ ಅಳಲಿಲ್ಲ. ಮಾರನೇ ದಿನ ಬರಲಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿ ಹೇಳಿದಳಂತೆ: "ಮಿಸ್, ಅವಳು ಶೂಗೆ ಬಳಿಯೋಕೆ ತಗೊಂಡಿದ್ದು. ನೀವೇ ಹೊರಗೆ ನಿಲ್ಲಿಸ್ತೀನಿ ಅಂದಿದ್ರಲ್ಲ?"

ಒದ್ದೆ ಶೂ ಮೇಲೆ ಸೀಮೆಸುಣ್ಣ ತಿಕ್ಕಿದರೆ ಕೆಸರಿನ ಕಲೆ ಮುಚ್ಚಿಹೋಗ್ತದೆ. ಇಲ್ಲಿ ಕಾನ್ವೆಂಟಿಗೆ ಹೋದ ಯಾವ ಮಗು ಅದನ್ನ ಮಾಡಿಲ್ಲ ಹೇಳಿ? ವಿನುತಾ ಓದಿದ್ದೂ ಅದೇ ಶಾಲೆ. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಡಬ್ಬಿಯಿಂದ ಎತ್ತಿಕೊಂಡು ಹೋಗಿ ಶೂಗೆ ಬಳಿದವಳು. ನಾನು ಕಳ್ಳಿ ಅಂದಿರಲಿಲ್ಲ. ಟೀಚರಾದ ಎರಡೇ ತಿಂಗಳಲ್ಲಿ ಅದು ಮರೆತುಹೋಗಿತ್ತು.

ಸೋಮವಾರ ಅನಿತಾ ಬರಲಿಲ್ಲ. ಮಂಗಳವಾರವೂ ಇಲ್ಲ. ನಮ್ಮ ಮನೆಯಲ್ಲಿ ವಿನುತಾ ತಟ್ಟೆ ಮುಂದೆ ಕೂತು ಅನ್ನ ಕಲಸಿ ಕಲಸಿ ಎದ್ದು ಹೋಗ್ತಿದ್ದಳು. "ನಾನು ಟೀಚರಾಗೋಕೆ ಲಾಯಕ್ಕಿಲ್ಲ ಅಜ್ಜ."

"ಒಂದು ಮಾತಿಗೆ ಯಾರಾದ್ರೂ ಕೆಲಸ ಬಿಡ್ತಾರಾ ಮಾರಾಯ್ತಿ?" ಅಂದಳು ನನ್ನ ಹೆಂಡತಿ.

ನಾನೂ ಅದನ್ನೇ ಅಂದೆ. ಒಳಗೆ ಮಾತ್ರ ನನಗೂ ಧೈರ್ಯ ಇರಲಿಲ್ಲ. ಐವತ್ತೆರಡು ನೋಟ್‌ಬುಕ್ಕು ತಿದ್ದಬೇಕು, ಲೆಸನ್ ಪ್ಲಾನ್ ಬರೀಬೇಕು, "ನಮ್ಮ ಮಗುಗೆ ಇನ್ನೂ ಇಂಗ್ಲಿಷ್ ಬರ್ತಿಲ್ಲ" ಅನ್ನೋ ತಾಯ್ತಂದೆಯರ ಮುಂದೆ ನಿಲ್ಲಬೇಕು. ಅದರ ಮಧ್ಯೆ ಒಂದೇ ಒಂದು ಮಾತು ಬಾಯಿ ಜಾರ್ತದೆ, ಒಂದು ಮಗುವಿನ ಓದು ನಿಂತುಹೋಗ್ತದೆ. ನಾನು ಬಟ್ಟೆ ತಪ್ಪಿ ಕತ್ತರಿಸಿದರೆ ತುಂಡು ಕೊಟ್ಟು ಹೊಲೀತೇನೆ. ಟೀಚರಿಗೆ ತುಂಡು ಎಲ್ಲಿಂದ ಬರಬೇಕು? ಇಂಥ ಕೆಲಸ ಯಾಕಾದರೂ ಬೇಕು ಅನ್ನಿಸಿತ್ತು.

ಆ ಶನಿವಾರ ಹೆಡ್ ಸಿಸ್ಟರ್ ಪರದೆ ಬಟ್ಟೆಯ ಅಳತೆ ಕೊಡೋಕೆ ಅಂಗಡಿಗೆ ಬಂದರು. ಜಗಳಕ್ಕೆ ಮಾತು ರೆಡಿ ಇಟ್ಟುಕೊಂಡಿದ್ದೆ. "ಸಿಸ್ಟರೇ, ನಿಮ್ಮ ಶೀಲ್ಡಿನ ದೆಸೆಯಿಂದ ನಮ್ಮ ಹುಡುಗಿ ಊಟ ಬಿಟ್ಟಿದಾಳೆ" ಅಂದೆ.

ಅವರು ಸ್ಟೂಲ್ ಎಳೆದು ಕೂತರು. "ಟೈಲರೇ, ನಾನು ಟೀಚರಾದ ಮೊದಲನೇ ವರ್ಷ ಒಂದು ಹುಡುಗಿಗೆ ಹೊಡೆದಿದ್ದೆ. ಅವಳದ್ದೇನೂ ತಪ್ಪಿರಲಿಲ್ಲ. ಮತ್ತೆ ಬರಲೇ ಇಲ್ಲ ಅವಳು. ನಾನು ಮನೆಗೆ ಹೋಗಿ ನೋಡಲೂ ಇಲ್ಲ." ಕೈಯಲ್ಲಿದ್ದ ಅಳತೆ ಚೀಟಿ ಮಡಚಿ ನನಗೆ ಕೊಟ್ಟರು. "ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ ದೇವರ ಹತ್ತಿರ ಕ್ಷಮೆ ಕೇಳ್ತೀವಿ. ಅದು ಸುಲಭ. ಮೂರನೇ ಕ್ಲಾಸಿನ ಹುಡುಗಿ ಹತ್ತಿರ ಕೇಳೋದು ಕಷ್ಟ, ಅವಳು ಮುಖ ನೋಡ್ತಾಳೆ. ವಿನುತಾಗೆ ಹೋಗೋಕೆ ಹೇಳಿ. ಸ್ಕೂಲಿನವರು ಕಳಿಸಿದ್ದು ಅಂತಲ್ಲ, ತಾನಾಗೇ."

"ಮತ್ತೆ ಶೀಲ್ಡು?"

"ಅದಕ್ಕೆ ಮ್ಯಾನೇಜ್‌ಮೆಂಟ್ ಕೇಳಬೇಕು ಟೈಲರೇ."

ಭಾನುವಾರ ನಾನೂ ವಿನುತಾಳೂ ಬಸ್ ಹತ್ತಿದೆವು. ಅನಿತಾಳ ಅಮ್ಮ ಅಂಗಳದಲ್ಲಿ ಪಾತ್ರೆ ತೊಳೀತಿದ್ದಳು. ಕೂರಿ ಅನ್ನಲಿಲ್ಲ. "ಅವಳಿಗೆ ಜ್ವರ" ಅಂದಳು. ಆಮೇಲೆ ಪಾತ್ರೆ ಕೆಳಗಿಟ್ಟಳು. "ಜ್ವರ ಇಲ್ಲ ಟೀಚರೇ. ಕಳ್ಳಿ ಅಂದ್ರಂತೆ. ನಾವು ಕೂಲಿಗೆ ಹೋಗೋರು ಹೌದು. ಆದ್ರೆ ಬೇರೆಯವರ ತೋಟದಲ್ಲಿ ಬಿದ್ದ ಒಂದು ಅಡಿಕೆ ಹೆಕ್ಕಿ ತಂದವರಲ್ಲ."

ವಿನುತಾ ಚಪ್ಪಲಿ ಕಳಚಿ ಜಗಲಿ ಹತ್ತಿದಳು.

ಬಾಗಿಲ ಹಿಂದೆ ಎರಡು ಪುಟ್ಟ ಪಾದ ಮಾತ್ರ ಕಾಣ್ತಿತ್ತು. ವಿನುತಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. ಹೊಸ್ತಿಲ ಹತ್ತಿರ ಕೂತು ಆ ಪಾದಗಳಿಗೇ ಹೇಳಿದಳು: "ಅನಿತಾ, ನಾನೂ ಸಣ್ಣೋಳಿದ್ದಾಗ ಅಜ್ಜನ ಸೀಮೆಸುಣ್ಣ ತಗೊಂಡು ಶೂಗೆ ಬಳಿದಿದ್ದೆ. ನಿಂಗೆ ಹಾಗಂದದ್ದು ನನ್ನ ತಪ್ಪು. ಕ್ಲಾಸಲ್ಲಿ ಎಲ್ಲರೆದುರೂ ಹೇಳ್ತೀನಿ."

ಪಾದ ಅಲ್ಲಾಡಲಿಲ್ಲ. ವಾಪಸ್ ಬಂದೆವು. ಸೋಮವಾರ, ಮಂಗಳವಾರ, ಬುಧವಾರ, ಮೂರನೇ ಬೆಂಚು ಖಾಲಿ. ನಿನ್ನೆ ಆ ಕಾಗದಕ್ಕೆ ಸೈನ್ ಬಿತ್ತು.

ಇವತ್ತು ಬಂದಳು!

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಾನ್ವೆಂಟ್ ಟೀಚರುಗಳೇ, ನಾಲ್ಕನೇ ಕ್ಲಾಸಿನ ಟೈಲರ್ ಹೇಳೋದು ಸ್ವಲ್ಪ ಕೇಳಿ. ಟೇಬಲ್ ಮೇಲೆ ನಾಲ್ಕು ಸೀಮೆಸುಣ್ಣ ಜಾಸ್ತಿ ಇಡಿ, ಶೂಗೆ ಬೇಕಾದವರು ತಗೊಳ್ಳಿ ಅಂದುಬಿಡಿ. ಎಲ್ಲರೆದುರು ಮಗುವಿನ ಚೀಲ ತೆರೆಸಬೇಡಿ. ಒಬ್ಬಳನ್ನೇ ಕರೆದು "ಇದು ಎಂತಕ್ಕೆ ಬೇಕಿತ್ತು ಮಗಾ?" ಅಂತ ಕೇಳಿ. ಬೈದದ್ದು ಕ್ಲಾಸಿನಲ್ಲಾದರೆ ತಪ್ಪಾಯ್ತು ಅನ್ನೋದೂ ಕ್ಲಾಸಿನಲ್ಲೇ ಆಗಲಿ. ವಿನುತಾ ಇವತ್ತು ಪ್ರಾರ್ಥನೆ ಮುಗಿದ ಕೂಡಲೇ ಹೇಳಿದಳಂತೆ. ಮತ್ತೆ, ಒಂದು ತಪ್ಪಾಯ್ತು ಅಂತ ಕಾಗದ ಬರೀಬೇಡಿ. ಮಗು ಬೆಳೀತದೆ ಅಂತ ನಾನು ಯೂನಿಫಾರಂ ಒಳಗೆ ಎರಡು ಇಂಚು ಬಟ್ಟೆ ಮಡಚಿ ಬಿಡ್ತೇನೆ. ಟೀಚರೂ ಬೆಳೀಬೇಕಲ್ಲ? ನಿಮಗೂ ಎರಡು ಇಂಚು ಬಿಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೂ ನನಗೆ ಪೂರ್ತಿ ಸಮಾಧಾನ ಇಲ್ಲ. ಯಾಕೆ ಅಂದರೆ, ವಿನುತಾ ಕ್ಲಾಸಿನಲ್ಲಿ ತಪ್ಪಾಯ್ತು ಅಂದ ಮೇಲೆ ಅನಿತಾ ಎದ್ದು ಕೇಳಿದ್ದು ಒಂದೇ ಪ್ರಶ್ನೆ: "ಮಿಸ್, ನಾಳೆ ಶೂ ಚೆಕ್ ಇದ್ಯಾ?" ಕೇಳಿ, ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಒಳಗೆ ಒದ್ದೆ ಶೂ.

ಒಣಗಿಸಿ ಕೊಡ್ತೀನಿ ಅಂತ ವಿನುತಾ ಇಸಕೊಂಡ ಆ ಶೂ ಸಂಜೆ ನಮ್ಮ ಮನೆಗೆ ಬಂತು. ವಿನುತಾ ಅದನ್ನ ಅಡುಗೆಮನೆಯ ಒಲೆ ಪಕ್ಕ ಇಟ್ಟಳು. ನನ್ನ ಹೆಂಡತಿ ನಲವತ್ತು ವರ್ಷದಿಂದ ಜಗಲಿ ದಾಟಿ ಒಂದು ಚಪ್ಪಲಿಯನ್ನೂ ಒಳಗೆ ಬಿಟ್ಟವಳಲ್ಲ. ಮಗ, ಸೊಸೆ, ನಾನು ಎಲ್ಲರೂ ಶೂ ಕಡೆ ನೋಡದೆ ತಟ್ಟೆ ಮುಂದೆ ಕೂತೆವು. "ಯಾರದ್ದು ಇದು?" ಅಂದಳು. "ಅನಿತಾಂದು ಅಜ್ಜಿ." ಹೆಂಡತಿ ಅನ್ನದ ಪಾತ್ರೆ ತಂದು ಬಡಿಸಿದಳು. ವಿನುತಾ ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಎರಡು ವಾರದ ಮೇಲೆ! ಅರ್ಧ ಊಟದಲ್ಲಿ ನನ್ನ ಹೆಂಡತಿ ಎದ್ದು ಎಡಗೈಯಲ್ಲಿ ಶೂ ತಿರುಗಿಸಿಟ್ಟಳು. "ಬೆರಳಿನ ಕಡೆ ಇನ್ನೂ ಹಸಿ ಉಂಟು" ಅಂದು ಮತ್ತೆ ಊಟಕ್ಕೆ ಕೂತಳು.

ಈ ಒಂದು ಜೊತೆ ಬೆಳಗ್ಗೆಗೆ ಹೇಗೋ ಒಣಗ್ತದೆ, ಉಳಿದ ಐವತ್ತೊಂದು ಜೊತೆ ಯಾರ ಒಲೆ ಪಕ್ಕ ಇಡೋದು?